ಛಲೋ ಬರ್ದೀದಿ ಖರೆ

ನಮ್ಮ ಹುಮನಾಬಾದಿನ ಓಣಿಯಲ್ಲಿ ಲಗ್ನಪತ್ರಿಕೆ ಕೊಡಲು ಬಂದವರು ನಮ್ಮ ಹೊಸ್ತಿಲಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಚಹಾ ಕುಡಿದು ಹೋಗಿ ಅಂದರೆ ಇನ್ನೂ ಹತ್ತು ಮನೆ ತಿರುಗುವುದಿದೆ ಅನ್ನುತ್ತಾರೆ. ಅದೇ ಜನ ಪಕ್ಕದ ಮನೆಯಲ್ಲಿ ಒಂದು ತಾಸು ಕೂತು, ಚಹಾ ಕುಡಿದು, ಚೂಡಾ ತಿಂದು, ಎಲೆಯಡಿಕೆ ಹಾಕಿಕೊಂಡು ಏಳುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ನನ್ನ ಚಹಾದಲ್ಲಿ ಏನೋ ಕೊರತೆ ಇರಬೇಕೆಂದು ಬಹಳ ದಿನ ಅಂದುಕೊಂಡಿದ್ದೆ. ಕಡೆಗೆ ನಮ್ಮ ಯಜಮಾನರೇ ಗುಟ್ಟು ಬಿಚ್ಚಿದರು. ಪತ್ರಿಕೆ ಕೈಗೆ ಬಂದ ಕೂಡಲೇ ನಾನು ಮದುಮಗಳ ಹೆಸರು ನೋಡುವುದಿಲ್ಲವಂತೆ, ಮುಹೂರ್ತ ನೋಡುವುದಿಲ್ಲವಂತೆ. ‘ಆಮಂತ್ರಣ’ ಎಂಬಲ್ಲಿ ಣ ಇದೆಯೋ ನ ಇದೆಯೋ ಎಂದು ಮೊದಲು ನೋಡುತ್ತೇನಂತೆ.

ಸುಳ್ಳೆಂದು ವಾದಿಸಲು ಹೊರಟವಳಿಗೆ ಒಂದು ನೆನಪಾಯಿತು. ಹಿಂದಿನ ವಾರವಷ್ಟೇ ಒಬ್ಬ ಹೆಣ್ಣಿನ ತಂದೆ ಪತ್ರಿಕೆ ಕೊಟ್ಟು ನನ್ನ ಮುಖ ನೋಡುತ್ತ ನಿಂತಿದ್ದರು. ಮಗಳ ಮದುವೆ, ಒಂದು ಒಳ್ಳೆಯ ಮಾತು ಬರಲಿ ಎಂದು ಕಾಯುತ್ತಿದ್ದರೇನೋ. ಪ್ರೆಸ್ಸಿನವರಿಗೆ ಹೇಳಿ ಇನ್ನೊಮ್ಮೆ ಮುದ್ರಿಸಲು ಬರುವುದಿಲ್ಲವೇ ಎಂದು ನಾನು ಕೇಳಿದ್ದೆ. ಆ ಮನುಷ್ಯ ತನ್ನ ಮಗಳಿಗೇ ಏನೋ ಐಬು ಹೇಳಿದೆನೆಂಬಂತೆ ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ, ನಿಮ್ಮಪ್ಪ ನಿನಗೆ ಬೇರೇನೂ ಕೊಡದಿದ್ದರೂ ಇದೊಂದನ್ನು ಮರೆಯದೆ ಕೊಟ್ಟು ಕಳಿಸಿದ್ದಾರೆ ಎಂದು ಯಜಮಾನರು ನಕ್ಕು ಅಂಗಡಿಗೆ ಹೋದರು.

ಅವರು ಹೋದ ಮೇಲೆ ನನಗೆ ಜೋಂಪು ಹತ್ತಿತು. ಈ ವಯಸ್ಸಿನಲ್ಲಿ ಮಧ್ಯಾಹ್ನದ ನಿದ್ದೆ ಅಂದರೆ ಪೂರ್ತಿ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಓಣಿಯಲ್ಲಿ ಹೋಗುವ ಸೈಕಲ್ಲಿನ ಗಂಟೆಯೂ ಕೇಳುತ್ತಿರುತ್ತದೆ, ಬಸವಕಲ್ಯಾಣದ ತವರುಮನೆಯ ಅಂಗಳವೂ ಕಾಣುತ್ತಿರುತ್ತದೆ. ಅಂಗಳದಲ್ಲಿ ಅಪ್ಪ ಕೂತಿರುತ್ತಾರೆ. ಮೊಣಕಾಲ ಮೇಲೆ ಪಟ್ಟಿ, ಅಂದರೆ ನೋಟುಬುಕ್ಕು. ಅದನ್ನು ಹಿಂದಿನಿಂದ ತೆರೆದಿರುತ್ತಾರೆ. ಅಪ್ಪಾ, ಅದು ತಿರುಗಾಮುರುಗಾ ಆಗಿದೆ ಎಂದು ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಮಾತು ಬರುವುದಿಲ್ಲ. ಅಷ್ಟರಲ್ಲಿ ಹಾಲಿನವನು ಕೂಗುತ್ತಾನೆ.

ಅಪ್ಪ ಅಲ್ಲಿಯ ಒಂದು ಸರಕಾರಿ ಕಚೇರಿಯಲ್ಲಿ ಅಹಲ್ಕಾರರು, ಅಂದರೆ ಗುಮಾಸ್ತರು. ಊರಿಗೆ ನಾವೆಲ್ಲ ಅನ್ನುತ್ತಿದ್ದುದು ಕಲ್ಯಾಣಿ ಎಂದೇ. ನಮ್ಮ ಮನೆ ಕೋಟೆಯ ಕಡೆ ಹೋಗುವ ಓಣಿಯಲ್ಲಿತ್ತು. ನಿಜಾಮರ ಕಾಲದ ಶಾಲೆ ಅಪ್ಪನದು, ಕಲಿತದ್ದೆಲ್ಲ ಉರ್ದು. ಬಿದಿರಿನ ಕಲಮು ಮಸಿಯಲ್ಲಿ ಅದ್ದಿ ಬಲದಿಂದ ಎಡಕ್ಕೆ ಅವರು ಬರೆಯುತ್ತಿದ್ದರೆ ಓದಲು ಬಾರದವರೂ ನಿಂತು ನೋಡುತ್ತಿದ್ದರು. ಅರ್ಜಿ ಬರೆಸಿಕೊಳ್ಳಲು ಹಳ್ಳಿಗಳಿಂದ ಬಂದವರು ಬೆಳಿಗ್ಗೆಯೇ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರ ಕಷ್ಟವೆಲ್ಲ ಅಪ್ಪನ ಕೈಯಲ್ಲಿ ಎಷ್ಟು ಚೆಂದದ ಅಕ್ಷರವಾಗುತ್ತಿತ್ತೆಂದರೆ ಕೆಲವರು ಅರ್ಜಿಯನ್ನು ಕಚೇರಿಗೆ ಕೊಡಲು ಮನಸ್ಸು ಬಾರದೆ ಹಾಗೇ ಮಡಚಿ ಮನೆಗೆ ಒಯ್ದಿದ್ದುಂಟು.

ಸಾವಿರದ ಒಂಬೈನೂರ ಐವತ್ತಾರರಲ್ಲಿ ನಮ್ಮ ಭಾಗ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಊರಲ್ಲಿ ಪೇಢೆ ಹಂಚಿದರು. ಅಪ್ಪನೂ ಹಂಚಿದರು. ತಾವು ಹಂಚಿದ ಪೇಢೆ ತಮಗೇ ಎಷ್ಟು ಕಹಿಯಾಗಲಿದೆ ಎಂದು ಪಾಪ ಅವರಿಗೆ ಗೊತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಕಚೇರಿಯ ಕಾಗದಗಳು ಒಂದೊಂದಾಗಿ ಕನ್ನಡಕ್ಕೆ ತಿರುಗಿದವು. ಅಪ್ಪನ ಮನೆಮಾತು ಕನ್ನಡವೇ. ಬೆಳಗಿನ ಪೂಜೆಯಲ್ಲಿ ಶರಣರ ವಚನಗಳನ್ನು ತಡೆಯಿಲ್ಲದೆ ಹೇಳುತ್ತಿದ್ದರು. ಆದರೆ ಅದರಲ್ಲಿ ಒಂದು ಸಾಲು ಬರೆದುಕೊಡಿ ಅಂದರೆ ಬರೆಯಲು ಬರುತ್ತಿರಲಿಲ್ಲ. ಬಾಯಿಗೆ ಬಂದ ಭಾಷೆ ಕೈಗೆ ಬಂದಿರಲಿಲ್ಲ.

ಹಾಗಾಗಿ ಎಂಟು ವರ್ಷದ ನಾನು ನಲವತ್ತು ದಾಟಿದ ಅಪ್ಪನಿಗೆ ಮಾಸ್ತರಳಾದೆ. ದೀಪ ಹಚ್ಚುವ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸುತ್ತಿದ್ದೆವು. ಹಸಿ ನೆಲದ ವಾಸನೆ, ಒಳಗೆ ರೊಟ್ಟಿ ಬಡಿಯುವ ಸಪ್ಪಳ, ಎಲ್ಲೋ ದೂರದಲ್ಲಿ ಅಜಾನ್. ಅಪ್ಪ ಪಟ್ಟಿಯನ್ನು ಕೊನೆಯ ಪುಟದಿಂದ ತೆರೆಯುತ್ತಿದ್ದರು, ನಾನು ಕಸಿದುಕೊಂಡು ತಿರುಗಿಸಿ ಕೊಡುತ್ತಿದ್ದೆ. ಅಆಇಈ ಸಲೀಸಾಗಿ ಬಂತು. ಅವರನ್ನು ಅಡ್ಡಗಟ್ಟಿದ್ದು ಣ ಮತ್ತು ಳ. ಉರ್ದುವಿನಲ್ಲಿ ಅವೆರಡೂ ಇಲ್ಲವಲ್ಲ. ಬಾಯಲ್ಲಿ ‘ಮಳೆ’ ಅಂದುಕೊಂಡೇ ಕೈಯಲ್ಲಿ ‘ಮಲೆ’ ಬರೆಯುತ್ತಿದ್ದರು. ‘ಕಾಳು’ ಬರೆಯಲು ಹೇಳಿದರೆ ‘ಕಾಲು’ ಬರುತ್ತಿತ್ತು. ಳ ಅಂದರೆ ಜಿಲೇಬಿ ಎಂದು ಗುರುತು ಹೇಳಿಕೊಟ್ಟೆ. ಆಗಲಿ ಗುರುಗಳೇ ಅನ್ನುತ್ತಿದ್ದರು, ಮತ್ತೆ ಮರೆಯುತ್ತಿದ್ದರು. ನನ್ನ ಅನುಕೂಲಕ್ಕೆಂದು ಕಚೇರಿಯಿಂದ ಒಂದು ಪೆನ್ಸಿಲ್ಲು ತಂದುಕೊಟ್ಟಿದ್ದರು, ಒಂದು ತುದಿ ಕೆಂಪು, ಒಂದು ತುದಿ ನೀಲಿ. ಕೆಂಪು ತುದಿಯಿಂದ ನಾನು ಅಪ್ಪನ ಪುಟದ ತುಂಬ ಗೋಲ ಸುತ್ತುತ್ತಿದ್ದೆ. ಎಷ್ಟು ಸಲ ಹೇಳಬೇಕು ನಿಮಗೆ ಎಂದು ನಮ್ಮ ಶಾಲೆಯ ಅಕ್ಕೋರ ದನಿಯಲ್ಲೇ ಗದರುತ್ತಿದ್ದೆ. ಅಪ್ಪ ನಗುತ್ತಿದ್ದರು. ನಾನು ಕಂಡಂತೆ ಅವರು ತಪ್ಪಿಗೆ ನಕ್ಕ ಕಾಲ ಅದೊಂದೇ. ಆಮೇಲಿನ ತಿದ್ದಾಟವೆಲ್ಲ ಯಾರಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ಈ ಭಾಗ ಹೇಳದೆ ಹಾರಿಸುತ್ತೇನೆ.

ಆ ವರ್ಷ ಅಪ್ಪ ಬೆಳೆಯ ವರದಿಯೊಂದನ್ನು ತಾವೇ ಕನ್ನಡದಲ್ಲಿ ಬರೆದರು. ಮೊದಲ ಕಾಗದ. ನನಗೂ ತೋರಿಸಲಿಲ್ಲ, ಗುರುವಿಗೆ ಅಚ್ಚರಿ ಮಾಡಬೇಕೆಂದಿತ್ತೋ ಏನೋ. ದಕ್ಷಿಣದ ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಅದನ್ನು ಕೈಗೆ ತಗೊಂಡು ಎಲ್ಲರೆದುರು ಗಟ್ಟಿಯಾಗಿ ಓದಿದರಂತೆ: ‘ಈ ಸಲ ಜೋಳದ ಬೆಲೆ ಮೊಣಕಾಲುದ್ದ ಬೆಲೆದಿದೆ.’ ನಿಮ್ಮ ಸೀಮೆಯಲ್ಲಿ ಬೆಲೆಯನ್ನು ಮೊಣಕಾಲಿನಿಂದ ಅಳೆಯುತ್ತೀರೇನು ಎಂದು ಕೇಳಿದರಂತೆ. ಕಚೇರಿಯೆಲ್ಲ ನಕ್ಕಿತು. ನಕ್ಕವರಲ್ಲಿ ಅರ್ಧಕ್ಕರ್ಧ ಜನಕ್ಕೆ ಕನ್ನಡ ಓದಲೂ ಬರುತ್ತಿರಲಿಲ್ಲ.

ಅಪ್ಪ ಅಂದು ಊಟ ಮಾಡಲಿಲ್ಲ. ನಾನು ಚಾಪೆ ಹಾಸಿ ಕಾದೆ. ಬಂದು ಕೂರಲಿಲ್ಲ. ಕೈ ಚಾಚಿ, ಪೆನ್ಸಿಲ್ಲು ಕೊಡು ಅಂದರು. ಕೊಟ್ಟೆ. ಮರುದಿನದಿಂದ ಬೆಳಿಗ್ಗೆ ಎದ್ದು ಒಬ್ಬರೇ ಬರೆಯತೊಡಗಿದರು. ಒಂದು ವರ್ಷದೊಳಗೆ ಅಪ್ಪನ ಕನ್ನಡದಲ್ಲಿ ಹುಡುಕಿದರೂ ತಪ್ಪು ಸಿಗದಂತಾಯಿತು. ತಮ್ಮಲ್ಲಿ ತಪ್ಪು ಮುಗಿದ ಮೇಲೆ ಅವರು ಬೇರೆಯವರ ತಪ್ಪಿಗೆ ಕೈ ಹಚ್ಚಿದರು.

ಮೊದಲು ಊರಿನ ಬೋರ್ಡುಗಳು. ಹಿಟ್ಟಿನ ಗಿರಣಿಯವನು ‘ಗಿರನಿ’ ಎಂದು ಬರೆಸಿದ್ದ. ಅಪ್ಪ ಸೀಮೆಸುಣ್ಣ ಒಯ್ದು, ಜೋಳದ ಚೀಲದ ಮೇಲೆ ಹತ್ತಿ ನಿಂತು ತಿದ್ದಿದರು. ಮರುದಿನ ಗಿರಣಿಯವನು ಮನೆಗೆ ಬಂದು ಕೈಮುಗಿದು ಒಂದೇ ಮಾತು ಹೇಳಿದ: “ಸಾಹೇಬ್ರ, ಗಿರಣಿ ನಂದದರಿ.” ಅಪ್ಪ ಅದರಲ್ಲಿ ಏನೂ ತಪ್ಪು ಕಾಣದೆ ಸುಮ್ಮನಾದರು. ಆಮೇಲೆ ಕ್ಯಾಲೆಂಡರು, ಮಠದ ಕರಪತ್ರ, ಔಷಧದ ಬಾಟಲಿಯ ಚೀಟಿ, ಕಡೆಗೆ ನನ್ನ ಪಟ್ಟಿ. ನಾನು ಬರೆದದ್ದನ್ನು ಒಯ್ದು ಕೊಟ್ಟರೆ ಕನ್ನಡಕ ಏರಿಸಿ, ಕೊನೆಯವರೆಗೆ ಓದಿ, ಹೇಳುತ್ತಿದ್ದರು: “ಛಲೋ ಬರ್ದೀದಿ ಖರೆ…”

ಈ ಖರೆ ಎಂಬ ಮಾತನ್ನು ನಮ್ಮ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಖರೆ ಅಂದರೆ ನಿಜ. ಖರೆ ಹೇಳು ಅಂದರೆ ನಿಜ ಹೇಳು. ಆದರೆ ಅದೇ ಮಾತು ವಾಕ್ಯದ ನಡುವೆ ಬಂದು ಕೂತರೆ ‘ಆದರೆ’ ಆಗುತ್ತದೆ. ಬಂದಾನ ಖರೆ, ಮಾತಾಡ್ಲಿಲ್ಲ. ಹುಡುಗಿ ಛಂದ ಅದಾಳ ಖರೆ, ಸ್ವಲ್ಪ ಕುಳ್ಳಿ. ನಮ್ಮ ಸೀಮೆಯಲ್ಲಿ ನಿಜ ಹೇಳಿದ ಮೇಲೆ ಒಂದು ಕೊರತೆ ಹೇಳಲೇಬೇಕೆಂದು ಯಾರು ಕಟ್ಟಳೆ ಮಾಡಿದರೋ ಗೊತ್ತಿಲ್ಲ. ಚಿಕ್ಕಂದಿನಲ್ಲಿ ನಾನು ಆ ಮಾತು ಬರುವ ಮುಂಚೆಯೇ ಓಡಿಹೋಗಲು ನೋಡುತ್ತಿದ್ದೆ. ‘ಛಲೋ ಬರ್ದೀದಿ’ ಎಂಬಷ್ಟು ಕಿವಿಗೆ ಬಿದ್ದ ಕೂಡಲೇ ಪಟ್ಟಿ ಕಿತ್ತುಕೊಂಡು ಬಾಗಿಲು ದಾಟಿದರೆ ಆ ದಿನ ಗೆದ್ದಂತೆ. ಒಂದೆರಡು ಸಲ ಗೆದ್ದಿದ್ದೇನೆ. ಬಾಗಿಲಾಚೆ ನಿಂತರೂ ಒಳಗಿಂದ ಆ ಎರಡಕ್ಷರ ನಿಧಾನವಾಗಿ ಹಿಂದೆಯೇ ಬರುತ್ತಿತ್ತು.

ಅಪ್ಪನನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ, ನಮ್ಮದು ಮೊಸರಲ್ಲಿ ಕಲ್ಲು ಹುಡುಕುವ ಮನೆತನ. ಆಯಿ ಅಂದರೆ ಅಪ್ಪನ ತಾಯಿ. ಅವಳಿಗೆ ಅಕ್ಷರ ಗೊತ್ತಿರಲಿಲ್ಲ, ರೊಟ್ಟಿ ಗೊತ್ತಿತ್ತು. ನಮ್ಮವ್ವ ಬಡಿದ ಮೊದಲ ರೊಟ್ಟಿಯನ್ನು ಆಯಿ ಎರಡು ಕೈಯಲ್ಲಿ ಹಿಡಿದು ಬಾಗಿಲ ಬೆಳಕಿಗೆ ಎತ್ತಿ ನೋಡುತ್ತಿದ್ದಳು. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಅದರಲ್ಲಿ ಕಾಣುತ್ತಿತ್ತು. ಅವ್ವನ ಕೈಗೆ ಹೊಳ್ಳಿ ಕೊಡುವಾಗ ಅವಳದೂ ಅದೇ ರಾಗ. ಛಲೋ ಬಡದೀ ಖರೆ, ಅಂಚು ಸೀಳ್ಯಾದ. ಆಯಿಯ ಅತ್ತೆ ಇದಕ್ಕಿಂತ ಗಟ್ಟಿಗಳಂತೆ, ರೊಟ್ಟಿ ತಿನ್ನುವವರ ಮುಖ ನೋಡಿ ಹೇಳುತ್ತಿದ್ದಳಂತೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ, ಅವ್ವನ ಕಾಲ ಬರಲೇ ಇಲ್ಲ. ನಾನಿದ್ದಷ್ಟು ದಿನ ಅವ್ವ ಮೊದಲ ರೊಟ್ಟಿ ತವೆಯಿಂದ ತೆಗೆಯುವಾಗ ಅವಳ ಕೈ ಒಂದಿಷ್ಟು ತಡೆದು ನಿಲ್ಲುತ್ತಿತ್ತು. ಆಯಿ ತೀರಿಹೋಗಿ ಎಷ್ಟೋ ವರ್ಷವಾದ ಮೇಲೂ ನಿಲ್ಲುತ್ತಿತ್ತು. ಬೆಳಕಿಗೆ ಎತ್ತಿ ನೋಡುವವರು ಯಾರೂ ಇರಲಿಲ್ಲ, ಆಗ ಅವ್ವ ತಾನೇ ಎತ್ತಿ ನೋಡುತ್ತಿದ್ದಳು.

ಮ್ಯಾಟ್ರಿಕ್ ಮುಗಿಯುತ್ತಲೇ ನನ್ನನ್ನು ಹುಮನಾಬಾದಿಗೆ ಕೊಟ್ಟರು. ಬಜಾರಿನಲ್ಲಿ ಅರಿವೆ ಅಂಗಡಿ ಇದ್ದ ಮನೆ. ಅಂಥ ದೂರವೇನಲ್ಲ, ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವುದರೊಳಗೆ ಕಲ್ಯಾಣಿ. ಆದರೆ ಆಗಿನ ಸೊಸೆಯರು ಬೇಕೆಂದಾಗ ಬಸ್ಸು ಹತ್ತುತ್ತಿರಲಿಲ್ಲ. ಕಾಗದ ಬರೆಯುತ್ತಿದ್ದೆ. ನಾನು ಬರೆದ ಕಾಗದ ವಾರದೊಳಗೆ ನನಗೇ ವಾಪಸು ಬರುತ್ತಿತ್ತು, ಕೆಂಪು ಪೆನ್ಸಿಲ್ಲಿನಿಂದ ತಿದ್ದಿಸಿಕೊಂಡು. ಕೆಳಗೆ ಅಪ್ಪನದು ಒಂದು ಸಾಲು ಇರುತ್ತಿತ್ತು: ಇಲ್ಲಿ ಎಲ್ಲರೂ ಕ್ಷೇಮ, ಅಲ್ಪಪ್ರಾಣ ಮಹಾಪ್ರಾಣಗಳ ಕಡೆ ಗಮನವಿರಲಿ. ಟಪಾಲಿನವನಿಗೆ ಇದೊಂದು ಮೋಜು. ನಮ್ಮ ಅತ್ತೆಯವರಂತೂ ನನ್ನ ತವರಿನಲ್ಲಿ ಕಾಗದ ಇಟ್ಟುಕೊಳ್ಳಲು ಜಾಗವಿಲ್ಲವೇನೋ ಎಂದು ತಿಳಿದಿದ್ದರು. ನಾನೂ ನಗುತ್ತಿದ್ದೆ. ಒಂದು ಕಾಗದದವರೆಗೆ ನಕ್ಕೆ.

ನನ್ನ ಮೊದಲ ಬಸಿರು ನಿಲ್ಲದೆ ಹೋದ ತಿಂಗಳು ಅದು. ಈ ಮನೆಯಲ್ಲಿ ಯಾರೂ ಒಂದು ಕೆಟ್ಟ ಮಾತಾಡಲಿಲ್ಲ, ಹಾಗೆಂದು ಒಳ್ಳೆಯ ಮಾತೂ ಆಡಲಿಲ್ಲ. ಮಧ್ಯಾಹ್ನಗಳು ಮುಗಿಯುತ್ತಿರಲಿಲ್ಲ. ಅಟ್ಟದ ಕಿಂಡಿಯಿಂದ ಬೀಳುವ ಬಿಸಿಲು ಗೋಡೆಯ ಮೇಲೆ ಸರಿಯುವುದನ್ನು ನೋಡುತ್ತ ಕೂತಿರುತ್ತಿದ್ದೆ. ಒಂದು ದಿನ ಅವ್ವನಿಗೆ ಕಾಗದ ಬರೆದೆ. ಅವ್ವನಿಗೆ ಓದಲು ಬರುವುದಿಲ್ಲ, ಅಪ್ಪನೇ ಓದಿ ಹೇಳಬೇಕು. ಆದರೂ ಅವ್ವನ ಕಿವಿಗೇ ಬೀಳಲಿ ಎಂದು ಅವ್ವನ ಮಾತಿನಲ್ಲೇ, ಮನೆಯಲ್ಲಿ ಆಡುವಂತೆಯೇ ಬರೆದೆ: ‘ಯವ್ವಾ, ನನಗ ಇಲ್ಲಿ ಭಾಳ ಬ್ಯಾಸರ ಆಗ್ಯದ.’

ಐದಾರು ದಿನಕ್ಕೆ ಕಾಗದ ವಾಪಸು ಬಂತು. ‘ಬ್ಯಾಸರ’ಕ್ಕೆ ಕೆಂಪು ಗೋಲ. ಮೇಲೆ ದುಂಡಗೆ ‘ಬೇಸರ’. ‘ಆಗ್ಯದ’ಕ್ಕೆ ಇನ್ನೊಂದು ಗೋಲ, ಮೇಲೆ ‘ಆಗಿದೆ’. ಕೆಳಗೆ ಏನೂ ಇರಲಿಲ್ಲ. ಕ್ಷೇಮವೆಂಬ ಸಾಲೂ ಇರಲಿಲ್ಲ.

ಅತ್ತುಬಿಟ್ಟೆ. ಸಿಟ್ಟಿನಿಂದ ಅತ್ತೆನೋ, ದುಃಖದಿಂದಲೋ ಈಗ ಹೇಳಲಾರೆ. ಅಂದಿನಿಂದ ನನ್ನ ಕಾಗದಗಳು ಬದಲಾದವು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಬಂದಿದೆ. ಕಾಳಜಿ ಮಾಡಬೇಡಿ. ಅವು ವಾಪಸು ಬರುವುದು ನಿಂತಿತು, ತಿದ್ದಲು ಅವುಗಳಲ್ಲಿ ಏನಿತ್ತು? ಮಗಳ ಕನ್ನಡ ಸುಧಾರಿಸಿದೆ ಎಂದು ಅಪ್ಪ ಬಂದವರೆದುರು ಹೇಳಿಕೊಳ್ಳುತ್ತಿದ್ದರಂತೆ.

ಅಪ್ಪ ಹೋದ ಮೇಲೆ ಒಂದು ಸಂಜೆ ಅವ್ವನ ಜೊತೆ ಅಂಗಳದಲ್ಲಿ ಕೂತಾಗ ಈ ಮಾತು ಎತ್ತಿದೆ. ಹತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ನಗುತ್ತಲೇ ಹೇಳಿದೆ. ಅವ್ವ ನಗಲಿಲ್ಲ. “ಆ ಖತ್ ಓದಿ ಹೇಳೂಮುಂದ ಬಾಯಿ ತಡವರಿಸ್ತು ಅವರದು. ನಾಕ್ ದಿನ ಕಿಸೇದಾಗ ಇಟ್ಕೊಂಡ ತಿರಗಾಡಿದ್ರು. ಏನ್ ಬರೀಬೇಕಂತ ತಿಳೀಲಿಲ್ಲ. ತಿದ್ದೂದು ತಿಳೀತಿತ್ತು, ತಿದ್ದಿದ್ರು.”

ಒಳಗೆ ಹೋಗಿ ಅಪ್ಪನ ಟ್ರಂಕು ತೆರೆದು ನೋಡಿದೆ. ನನ್ನ ಹಳೆಯ ಕಾಗದ ಒಂದೂ ಇರಲಿಲ್ಲ, ತಿದ್ದಿದವೆಲ್ಲ ನನ್ನ ಬಳಿಗೇ ಬಂದಿದ್ದವಲ್ಲ, ಇದ್ದವು ಬರೀ ಕ್ಷೇಮದ ಕಾಗದಗಳು. ಕೆಳಗಿನ ಆ ಕ್ಷೇಮದ ಸಾಲು ಬಿಟ್ಟರೆ ಅಪ್ಪನ ಅಕ್ಷರವೆಂದು ಇಂದು ನನ್ನಲ್ಲಿ ಉಳಿದಿರುವುದು ಆ ಕೆಂಪು ಗೋಲಗಳು ಮತ್ತು ಅವುಗಳ ಮೇಲೆ ಬರೆದ ಸರಿಯಾದ ಪದಗಳು. ಮಧ್ಯಾಹ್ನದ ಜೋಂಪಿನಲ್ಲಿ ಕೆಲವೊಮ್ಮೆ ಅವನ್ನೇ ಒಂದರ ಮುಂದೊಂದು ಇಟ್ಟು ಓದುತ್ತೇನೆ. ಬೇಸರ, ಆಗಿದೆ, ಮಳೆ, ಬೆಳೆ, ಮಗಳು. ಅಪ್ಪ ನನಗೆ ಏನೋ ಹೇಳುತ್ತಿದ್ದಾರೆ ಅನಿಸುತ್ತದೆ. ಪೂರ್ತಿ ವಾಕ್ಯ ಆಗುವುದಿಲ್ಲ.

ಇಷ್ಟೆಲ್ಲ ತಿಳಿದವಳು ನನ್ನ ಮಗಳೊಡನೆ ಎಚ್ಚರದಿಂದಿರಬೇಕಿತ್ತು. ಇರಲಿಲ್ಲ. ನೋವು ತಿಂದವರು ನೋವು ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸುನಂದಾ ನನ್ನ ಒಬ್ಬಳೇ ಮಗಳು. ಏಳನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಶಾಲೆಯಿಂದ ಓಡುತ್ತಲೇ ಬಂದಳು. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆ. ‘ನನ್ನ ತಾಯಿ’ ಎಂದು ನಿಬಂಧ ಬರೆಯಲು ಕೊಟ್ಟಿದ್ದರಂತೆ. ಇಡೀ ವರ್ಗದಲ್ಲಿ ಇವಳದೇ ಛಲೋ ಎಂದು ಅಕ್ಕೋರು ಎಲ್ಲರೆದುರು ಓದಿಸಿದ್ದರಂತೆ. ಪಟ್ಟಿ ನನ್ನ ಕೈಗೆ ಕೊಟ್ಟು ಎದುರಿಗೇ ನಿಂತಳು. ಓಡಿ ಬಂದಿದ್ದಳಲ್ಲ, ಇನ್ನೂ ಏದುಸಿರು ಬಿಡುತ್ತಿದ್ದಳು. ನಾನು ಕೊನೆಯವರೆಗೂ ಓದಿದೆ. ಎರಡು ಪುಟ.

“ಛಲೋ ಬರ್ದೀದಿ ಖರೆ,” ಎಂದೆ, “ಸ್ವಭಾವಕ್ಕ ದೊಡ್ಡ ಭ ಬರಬೇಕು. ಕಷ್ಟಕ್ಕ ಹೊಟ್ಟಿ ಸೀಳಿದ ಷ.”

ಸುನಂದಾ ಪಟ್ಟಿ ತಗೊಂಡು ಅಲ್ಲೇ ಕೂತು ಎರಡೂ ಅಕ್ಷರ ಅಳಿಸಿ ತಿದ್ದಿದಳು, ಸರಿ ಆಯಿತೇ ಎಂದು ನನಗೆ ತೋರಿಸಿದಳು. ಆಯಿತು ಎಂದೆ. ಪಟ್ಟಿ ಚೀಲಕ್ಕೆ ಹಾಕಿ ನೀರು ಕುಡಿಯಲು ಒಳಗೆ ಹೋದಳು. ನಾನು ಜೋಳ ಹಸನು ಮಾಡುವುದನ್ನು ಮುಂದುವರಿಸಿದೆ. ಮರುವರ್ಷ ರದ್ದಿಯವನು ಬಂದಾಗ ಹಳೆಯ ಪಟ್ಟಿಗಳ ಜೊತೆ ಅದೂ ಹೋಯಿತು.

ಆಮೇಲೆ ಅವಳು ತಾನು ಬರೆದದ್ದನ್ನು ನನಗೆ ತೋರಿಸಲಿಲ್ಲ. ನನಗದು ಗೊತ್ತೇ ಆಗಲಿಲ್ಲ ನೋಡಿ. ಭಾಷಣದಲ್ಲಿ ಅವಳಿಗೆ ಬಹುಮಾನ ಬಂದದ್ದು ಪಕ್ಕದ ಮನೆಯವರಿಂದ ತಿಳಿಯಿತು. ನಮ್ಮ ಸುನಂದಾ ಗುಣವಂತೆ, ಮಾತು ಕಮ್ಮಿ ಎಂದು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಮಾತು ಕಮ್ಮಿ ಇದ್ದದ್ದು ನನ್ನ ಎದುರಿಗಷ್ಟೇ ಎಂದು ಯಾರೂ ಹೇಳಲಿಲ್ಲ.

ಅವಳೀಗ ಮಾಸ್ತರಬಾಯಿ. ಟ್ರೇನಿಂಗು ಮುಗಿಸಿ, ಕಲ್ಯಾಣಿ ತಾಲೂಕಿನ ಕೊಹಿನೂರಿನಲ್ಲಿ ನೌಕರಿ ಸಿಕ್ಕು, ಅಲ್ಲೇ ಒಂದು ಖೋಲಿ ಬಾಡಿಗೆಗೆ ಹಿಡಿದಿದ್ದಾಳೆ. ತಿಂಗಳಿಗೊಂದು ಕಾಗದ ಬರುತ್ತದೆ. ಲಗ್ನಪತ್ರಿಕೆಯ ವಿಷಯಕ್ಕೆ ಯಜಮಾನರು ನಕ್ಕುಹೋದ ಆ ವಾರವೇ ಒಂದು ಬಂತು. ಹಿಂದಿನ ಚಾಳಿಯಂತೆ ಪೆನ್ನು ಹಿಡಿದೇ ಓದಲು ಕೂತೆ. ಇಲ್ಲಿ ನಾನು ಕ್ಷೇಮ. ಶಾಲೆ ಚೆನ್ನಾಗಿ ನಡೆದಿದೆ. ಮಳೆ ಬಂದಿದೆ. ಕಾಳಜಿ ಮಾಡಬೇಡಿರಿ. ಒಂದೂ ತಪ್ಪಿರಲಿಲ್ಲ. ಇನ್ನೊಮ್ಮೆ ಓದಿದೆ. ಒಂದು ವಿಷಯವೂ ಇರಲಿಲ್ಲ. ಈ ಕಾಗದ ನನಗೆ ಎಲ್ಲೋ ಬಾಯಿಪಾಠ ಇದೆಯಲ್ಲ ಅನಿಸಿತು. ಅನಿಸಿದ ಕೂಡಲೇ ಪೆನ್ನು ಕೆಳಗಿಟ್ಟೆ. ಇದು ನಾನೇ ಅಪ್ಪನಿಗೆ ಬರೆಯುತ್ತಿದ್ದ ಕಾಗದ.

ನನಗೆ ನಿಜಕ್ಕೂ ಹೆದರಿಕೆಯಾಯಿತು. ಈ ಹುಡುಗಿ ಅಲ್ಲಿ ಸುಖವಾಗಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಬೇಸರವಾದರೆ ಯಾರಿಗೆ ಹೇಳುತ್ತಾಳೆ, ಹೇಳಲು ಯಾರಾದರೂ ಇದ್ದಾರೋ, ಅದೂ ಗೊತ್ತಿಲ್ಲ. ಮರುದಿನ ಬೆಳಿ‌ಗ್ಗೆ ಶೇಂಗಾ ಚಟ್ನಿ, ನಾಲ್ಕು ಕಟಕ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದೆ. ಕಲ್ಯಾಣಿಯಲ್ಲಿ ಬಸ್ಸು ಬದಲಿಸಿದೆ. ಕಿಟಕಿಯಾಚೆ ತೊಗರಿ, ಮತ್ತೆ ತೊಗರಿ. ಹಳದಿ ಹೂ ಬಿಟ್ಟಿತ್ತು. ಗಾಳಿಗೆ ಕಣ್ಣು ಮುಚ್ಚಿ ಮುಚ್ಚಿ ಬರುತ್ತಿತ್ತು. ಅವಳಿಗೆ ಏನೆಂದು ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಒಂದೂ ಸರಿ ಅನಿಸದೆ ನನ್ನ ಮಾತನ್ನು ನಾನೇ ತಿದ್ದುತ್ತ ತಿದ್ದುತ್ತ ಊರು ಬಂತು.

ಸುನಂದಾ ನನ್ನನ್ನು ನೋಡಿ ಗಾಬರಿಯಾದಳು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಬಂದೆ ಎಂದೆ. ಅವಳು ಬಿಸಿನೀರು ಕಾಯಿಸಲು ಹೋದಾಗ ನಾನು ಖೋಲಿ ನೋಡಿದೆ. ಹಾಸಿಗೆ ಮಡಚಿತ್ತು, ಪಾತ್ರೆ ಫಳಫಳ ಬೆಳಗಿತ್ತು. ಕಿಟಕಿಯ ಹತ್ತಿರ ಮಕ್ಕಳ ಪಟ್ಟಿಗಳ ರಾಶಿ. ಸುಮ್ಮನಿರಲಾರದೆ ಒಂದನ್ನು ತೆರೆದೆ. ಅಬ್ಬಾ, ಏನು ತಪ್ಪುಗಳು. ಒಂದೊಂದು ಸಾಲಿನಲ್ಲಿ ಮೂರು. ಕೆಳಗೆ ಸುನಂದಾಳ ಮುದ್ದಾದ ಅಕ್ಷರದಲ್ಲಿ ‘ಛಲೋ ಅದ’ ಎಂದಷ್ಟೇ ಇತ್ತು. ಒಂದು ತಪ್ಪಿಗೂ ಅವಳ ಪೆನ್ನು ತಾಕಿರಲಿಲ್ಲ. ಇನ್ನೊಂದು ತೆರೆದೆ, ಅದರಲ್ಲೂ ಹಾಗೆಯೇ. ಅಷ್ಟರಲ್ಲಿ ಸುನಂದಾ ಲೋಟ ಹಿಡಿದು ಬಂದಳು. ಮಾಸ್ತರಬಾಯಿಯ ಕೆಲಸ ಇದೇನೇ ಎನ್ನಲು ತುಟಿಯವರೆಗೆ ಬಂದದ್ದನ್ನು ನುಂಗಿ, ಯಾಕೆ ತಿದ್ದಿಲ್ಲ ಎಂದು ಮೆಲ್ಲಗೆ ಕೇಳಿದೆ.

“ಹೆಡ್‌ಮಾಸ್ತರರೂ ಅದನ್ನೇ ಕೇಳ್ತಾರ,” ಅಂದಳು. “ತಿದ್ದಬೇಕಂತ ನನಗೂ ಗೊತ್ತದ ಅವ್ವ. ಪೆನ್ನು ಹಚ್ಚಾಕ ಹೋದ್ರ ಕೈ ಬರೂದಿಲ್ಲ. ಹುಡುಗ್ರು ಬರಿಯೂದೇ ಬಿಟ್ರ?”

ನನ್ನ ಮೇಲಿನ ದೂರಾಗಿ ಅದನ್ನು ಹೇಳಲಿಲ್ಲ. ತನ್ನ ಕೈಗೆ ಇರುವ ಒಂದು ಸಣ್ಣ ಬೇನೆಯ ಬಗ್ಗೆ ಹೇಳುವಂತೆ ಹೇಳಿದಳು. ಹೊರಗೆ ಯಾರದೋ ಕೋಳಿ ಕೆದರುತ್ತಿತ್ತು. ನಾನು ಪಟ್ಟಿ ಮುಚ್ಚಿ ರಾಶಿಯ ಮೇಲಿಟ್ಟೆ. ದಾರಿಯಲ್ಲಿ ಜೋಡಿಸಿದ ಮಾತು ಒಂದೂ ನೆನಪಾಗಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿಬಿಟ್ಟೆ.

“ಏಳನೇತ್ತದಾಗ ನನ್ನ ಮ್ಯಾಲ ಒಂದು ನಿಬಂಧ ಬರ್ದಿದ್ದಿಯಲ್ಲ. ನನ್ನ ಸ್ವಭಾವ ಹ್ಯಾಂಗದ ಅಂತ ಬರ್ದಿದ್ದಿ?”

ಸುನಂದಾ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಅವಳು ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಿದ್ದಾಳೆ ಎಂದು ಅವಳ ಹುಬ್ಬು ನೋಡಿದರೆ ತಿಳಿಯುತ್ತಿತ್ತು.

“ಇಲ್ಲವ್ವ, ನೆನಪಿಲ್ಲ,” ಅಂದಳು. “ಸ್ವಭಾವದ್ದು ಒಂದು, ಕಷ್ಟದ್ದು ಒಂದು, ಎರಡು ತಪ್ಪಿದ್ದವು. ಅವಷ್ಟೇ ನೆನಪದಾವ.”

ನನಗೂ ಅವೆರಡೇ ನೆನಪಿದ್ದವು.